ಗಾಲಿ ನಿಲ್ಲುವ ಜಾಗ

ಸತ್ತವರ ಕಣ್ಣು ಕಂಡದ್ದು, ಕಿವಿ ಕೇಳಿದ್ದು ಎಲ್ಲವೂ ದೃಶ್ಯವಾಗಿ ಮನೆಯವರ ಕೈಗೆ ಬರುತ್ತದೆ. ಹದಿಮೂರು ದಿನದೊಳಗೆ ಒಂದು ತಾಸಿನಷ್ಟು ಆರಿಸಿಕೊಳ್ಳಬೇಕು, ಉಳಿದದ್ದನ್ನು ಅಳಿಸುತ್ತಾರೆ. ಗಂಡ ಸತ್ತ ಹನ್ನೆರಡನೆಯ ದಿನ ನೀಲವ್ವ, ದೃಶ್ಯಗಳನ್ನು ಹಿಂದೆ ಮುಂದೆ ಓಡಿಸುವ ಎಡಿಟಿಂಗ್ ಗಾಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೌಲಾಸಾಬನ ರಿಪೇರಿ ಅಂಗಡಿಗೆ ಬಂದಳು.

"ತಮ್ಮಾ, ನನ್ನ ಮುಖ ಬಂದಲ್ಲೆ ಇದು ತಾನ ನಿಲ್ಲೂಹಂಗ ಮಾಡಿಕೊಡು."

"ಎಲ್ಲಾರೂ ಇದನ್ನ ಕೇಳತಾರಬೇ," ಎಂದು ನಕ್ಕು ಅವನು ಗಾಲಿಯ ಮುಚ್ಚಳ ಬಿಚ್ಚಿ ಹೊಂದಿಸಿದ.

ಅವಳು ತಿರುಗಿಸಿದಳು. ಅಂಗಡಿಯ ಪರದೆಯ ಮೇಲೆ ಅವಳ ಗಂಡ, ಟೇಲರ್ ಫಕೀರಪ್ಪ ಕಂಡ ನಲವತ್ತು ವರ್ಷ ಓಡಿತು. ಬಟ್ಟೆ, ದಾರ, ಗುಂಡಿ, ಗಿರಾಕಿಗಳ ಕೊರಳು. ಗಾಲಿ ಎಲ್ಲಿಯೂ ನಿಲ್ಲಲಿಲ್ಲ.

"ಸ್ಪ್ರಿಂಗ್ ಸಡ್ಲ ಆಗಿರಬೇಕು," ಎಂದ ಮೌಲಾಸಾಬ, ಅವಳ ಕಡೆ ನೋಡದೆ.

"ಸ್ಪ್ರಿಂಗ್ ಬರೋಬರಿ ಐತಪಾ. ತಲಿ ಎತ್ತೂ ಮನಶ್ಯಾ ಅಲ್ಲಂವ." ಗಾಲಿಯನ್ನು ಅವನ ಕಡೆ ಸರಿಸಿ ಅವಳೇ ಅಂದಳು, "ಮುಖ ಬಿಡು. ನನ್ನ ಬಳೀ ಸಪ್ಪಳಕ್ಕ ನಿಲ್ಲಸು."

"ಹಂಗಾರ ಒಮ್ಮೆ ಕೈ ಆಡಸಬೇ, ಸಪ್ಪಳ ಹಿಡೀಬೇಕು," ಎಂದವನು, ಅವಳ ಬರಿಗೈ ಕಂಡು ನಾಲಿಗೆ ಕಚ್ಚಿಕೊಂಡ.

ಒಳಗಿನಿಂದ ಅವನ ಹೆಂಡತಿ ಮಸ್ತಾನಬಿ ಬಂದು, ತನ್ನ ಹಸಿರು ಬಳೆಗಳನ್ನು ತೆಗೆದು ನೀಲವ್ವನ ಕೈಗೆ ಏರಿಸಿದಳು. ನೀಲವ್ವ ಮೆಲ್ಲಗೆ ಕೈ ಆಡಿಸಿದಳು.

ಈ ಸಲ ಗಾಲಿ ನಿಂತಿತು. ತಿರುಗಿಸಿದಷ್ಟು ಸಲವೂ ನಿಂತಿತು. ಬಳೆಯ ಸಪ್ಪಳ ಬಂದಾಗಲೆಲ್ಲ ಹೊಲಿಗೆ ಯಂತ್ರದ ಮೇಲಿನ ಫಕೀರಪ್ಪನ ಕೈ ಕೆಲಸ ಬಿಟ್ಟು, ಸಪ್ಪಳ ದೂರವಾಗುವವರೆಗೆ ಕಾಯುತ್ತಿತ್ತು. ನೋಟ ಮಾತ್ರ ಬಟ್ಟೆಯ ಮೇಲೆಯೇ ಇರುತ್ತಿತ್ತು.

"ಯಾವ ತಾಸು ಇಡಲಿಬೇ?" ಎಂದು ಕೇಳಿದ ಮೌಲಾಸಾಬ.

"ಕೈ ನಿಂತಿದ್ದಷ್ಟನ್ನ ಕತ್ತರಿಸಿ ಜೋಡಸಪಾ," ಅಂದಳು ನೀಲವ್ವ. "ತಾಸು ತುಂಬತೈತಿ."