ಎರಡು ಜಾಯ್‌ಸ್ಟಿಕ್ಕು

ದೇವರಾಜು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ತಿಮ್ಮರಾಜು ಒಳ್ಳೆಯ ಜಾಯ್‌ಸ್ಟಿಕ್ಕನ್ನು ತನ್ನತ್ತ ಎಳೆದುಕೊಂಡಿದ್ದ. ಇಪ್ಪತ್ತೈದು ವರ್ಷ ಕಳೆದರೂ ಕೈ ಆ ಚಾಳಿ ಬಿಟ್ಟಿರಲಿಲ್ಲ.

ಪಾಂಡವಪುರದಲ್ಲಿ ತಿಮ್ಮರಾಜುವಿನದು ಜೆರಾಕ್ಸ್ ಅಂಗಡಿ. ಪಹಣಿಗೆ ಬಂದವರಿರಲಿ, ಆಧಾರ್ ಪ್ರತಿಗೆ ಬಂದವರಿರಲಿ, ಒಂದು ಕಾಲದಲ್ಲಿ ಕಂಪ್ಯೂಟರಿನ ವಿಮಾನದಾಟದಲ್ಲಿ ಇಡೀ ತಾಲ್ಲೂಕಿಗೆ ತಾನೇ ಚಾಂಪಿಯನ್ ಎಂದು ಹೇಳದೆ ಕಳಿಸುತ್ತಿರಲಿಲ್ಲ. ಆಗ ತಾಲ್ಲೂಕಿನಲ್ಲಿ ಆ ಆಟ ಆಡುತ್ತಿದ್ದವರು ಇಬ್ಬರೇ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಇನ್ನೊಬ್ಬ ಈ ದೇವರಾಜು. ಇಬ್ಬರೂ ಒಮ್ಮೆ ಕಲಿಯುತ್ತಿದ್ದ ಕಂಪ್ಯೂಟರ್ ಸೆಂಟರ್ ಕೊನೆಗೆ ಮುಚ್ಚಿದಾಗ ತಿಮ್ಮರಾಜು ಅಲ್ಲಿದ್ದ ಎರಡೂ ಜಾಯ್‌ಸ್ಟಿಕ್ಕುಗಳನ್ನು ಕೇಳಿ ತಂದು ಅಟ್ಟಕ್ಕೆ ಹಾಕಿದ್ದ.

ಕಳೆದ ತಿಂಗಳು ಮಗಳು ಅರ್ಪಿತ ಅವನ್ನು ಕೆಳಗಿಳಿಸಿದಳು. ಅವುಗಳ ಅಗಲವಾದ ಪಿನ್ನು ಈಗಿನ ಲ್ಯಾಪ್‌ಟಾಪಿಗೆ ಕೂರುವುದಿಲ್ಲವೆಂದು ಅಡಾಪ್ಟರ್ ತರಿಸಿದಳು, ಹಳೆಯ ಆಟಗಳನ್ನು ಹೊಸ ಯಂತ್ರದಲ್ಲಿ ಆಡಿಸುವ ಎಮ್ಯುಲೇಟರ್ ಹಾಕಿದಳು. ವಿಮಾನ ಮತ್ತೆ ಹಾರಿತು. ತಿಮ್ಮರಾಜು ಆ ಹುಮ್ಮಸ್ಸಿನಲ್ಲಿ ಅಕ್ಕಿಹೆಬ್ಬಾಳಿಗೆ ಫೋನ್ ಮಾಡಿ, ಇನ್ನೊಂದು ಸಲ ಸೋತು ಹೋಗು ಬಾ ಎಂದು ಗೆಳೆಯನನ್ನು ಕರೆದ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದ ದೇವರಾಜು ವಾರದ ರಜೆ ನೋಡಿಕೊಂಡು, ತೋಟದ ಬಾಳೆಹಣ್ಣು ಹಿಡಿದು ಬಂದ.

ಕೂರುತ್ತಲೇ ಅವನು ಅರ್ಪಿತಳಿಗೆ, ಕಂಪ್ಯೂಟರು ತನ್ನ ಕೈಗೆ ಒಗ್ಗಲಿಲ್ಲ, ಅದಕ್ಕೇ ಕೋರ್ಸು ಅರ್ಧಕ್ಕೆ ಬಿಟ್ಟೆ ಎಂದು ನಗುತ್ತಾ ಹೇಳಿದ. ತಿಮ್ಮರಾಜು ಬಾಳೆಹಣ್ಣು ಸುಲಿಯುವುದರಲ್ಲಿ ಮಗ್ನನಾದ.

ಆಟಕ್ಕೆ ಮೊದಲು ಜಾಯ್‌ಸ್ಟಿಕ್ಕುಗಳನ್ನು ಪರೀಕ್ಷಿಸಬೇಕೆಂದಳು ಅರ್ಪಿತ. ಪರದೆಯ ಮೇಲೆ ಎರಡು ಚೌಕ ಮೂಡಿದವು, ಒಂದೊಂದರೊಳಗೂ ಒಂದು ಚುಕ್ಕಿ. ತಿಮ್ಮರಾಜುವಿನ ಚುಕ್ಕಿ ಸರಿಯಾಗಿ ನಡುವೆ ನಿಂತಿತು. ದೇವರಾಜುವಿನದು ಯಾರೂ ಮುಟ್ಟದಿದ್ದರೂ ಎಡಕ್ಕೆ ಸರಿದು ಅಂಚಿಗೆ ಅಂಟಿಕೊಂಡಿತು.

"ಅಪ್ಪಾ, ಮಾವಂದು ಎಡಕ್ಕೆ ಎಳೀತದೆ. ಮೊದ್ಲಿಂದ್ಲೂ ಇಂಗೇನಾ?"

ತಿಮ್ಮರಾಜು ಅಟ್ಟದ ಧೂಳು ಎಂದ. ಇಲಿ ಕಡಿದಿರಬೇಕು ಎಂದ. ಹೋದ ವರ್ಷದ ಮಳೆಗೆ ಸೂರು ಸೋರಿತ್ತಲ್ಲ ಎಂದ. ಮೂರನೆಯ ಕಾರಣ ಹೇಳುವಾಗ ಅವನಿಗೇ ತನ್ನ ಮೇಲೆ ನಗು ಬಂತು. ಅರ್ಪಿತ ಎರಡು ಕೀಲಿ ಒತ್ತಿದಳು. ಅಷ್ಟಕ್ಕೇ ಚುಕ್ಕಿ ನಡುವಿಗೆ ಬಂದು ನಿಂತಿತು.

ಮೂರು ಆಟ ಆಡಿದರು. ಮೂರರಲ್ಲೂ ಚಾಂಪಿಯನ್ನನ ವಿಮಾನ ಬೆಂಕಿ ಹತ್ತಿಕೊಂಡು ಕೆಳಗೆ ಬಿತ್ತು. ಮೂರನೆಯದಂತೂ ನೆಲ ಬಿಟ್ಟು ಏಳುವ ಮೊದಲೇ ಮುಗಿಯಿತು. ಅರ್ಪಿತ ಕಾಫಿ ತರಲು ಒಳಗೆ ಹೋದಳು.

"ಲೇ ದೇವ, ನಿಂಗೊಂದು ಮಾತು ಯೋಳ್ಬೇಕಿತ್ತು," ಎಂದು ತಿಮ್ಮರಾಜು ತನ್ನ ಜಾಯ್‌ಸ್ಟಿಕ್ಕನ್ನು ಪಕ್ಕಕ್ಕಿಟ್ಟ.

ದೇವರಾಜು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಎಡಕ್ಕೆ ಎಳೀತಿದ್ದದ್ದಾ? ಮೊದಲ್ನೇ ದಿನವೇ ಗೊತ್ತಾಯ್ತು ಕಣ್ಲಾ," ಎಂದ. "ನೀನೇ ಯೋಳ್ತೀಯೇನೋ ಅಂತ ಎರಡು ವರ್ಸ ಕಾದೆ. ಆಮೇಲೆ ಬಸ್ಸು ಕಲಿಯಾಕೆ ಒಂಟೋದೆ."