ಕೊನೆಯ ಭಾಗ ಹಿಡಿದುಕೊಂಡವನು

"ಇವತ್ತೂ ವಾಪಸ್ ಕೊಟ್ಟಿಲ್ಲ ಆ ಮಹಾನುಭಾವ!" ಮಗಳು ಟ್ಯಾಬ್ಲೆಟ್ಟನ್ನು ಅಮ್ಮನ ಹಾಸಿಗೆಯ ಮೇಲೆ ಕುಕ್ಕಿದಳು. "ಮತ್ತೆ ಅವಧಿ ಮುಂದಕ್ಕೆ ಹಾಕ್ಕೊಂಡಿದ್ದಾನೆ."

ಕೊಲೆಯ ಸುತ್ತ ಹೆಣೆದ ಐದು ಭಾಗಗಳ ಕಾದಂಬರಿ ಅದು. ಅಚ್ಚಿನ ಪ್ರತಿ ಎಲ್ಲೂ ಸಿಗುತ್ತಿರಲಿಲ್ಲ. ನಗರ ಗ್ರಂಥಾಲಯವೊಂದೇ ಅದನ್ನು ಇ-ಪುಸ್ತಕವಾಗಿ ಪುಕ್ಕಟೆ ಓದಲು ಕೊಡುತ್ತಿತ್ತು. ಆದರೆ ಅಲ್ಲಿಯ ಪದ್ಧತಿ ವಿಚಿತ್ರ: ಒಂದೊಂದು ಭಾಗಕ್ಕೂ ಇರುವುದು ಒಂದೇ ಪ್ರತಿ, ಒಂದು ಸಲಕ್ಕೆ ಒಬ್ಬರೇ ಓದುಗರು. ಅವರು ಎಷ್ಟು ಸಲ ಬೇಕಾದರೂ ಅವಧಿ ಮುಂದೂಡಬಹುದು; ಹಿಂತಿರುಗಿಸುವವರೆಗೆ ಉಳಿದವರು ಸಾಲಿನಲ್ಲಿ ಕಾಯಬೇಕು. ಪುಸ್ತಕ ಯಾರ ಬಳಿ ಇದೆ ಎಂದು ಮಾತ್ರ ಹೇಳುವುದಿಲ್ಲ.

ಅಮ್ಮ ಟೈಲರ್. ಜೀವನವಿಡೀ ಕತ್ತರಿ ಆಡಿಸಿದ ಕೈಗೆ ಈಗ ಲೋಟ ಎತ್ತಲೂ ಆಗದು. ಅಕ್ಷರ ದೊಡ್ಡದು ಮಾಡಿ ದಿಂಬಿಗೆ ಒರಗಿಸಿಟ್ಟರೆ ಓದುತ್ತಿದ್ದಳು. ವೈದ್ಯರು ಕೈಚೆಲ್ಲಿದ ಮೇಲೂ ಒಂದರ ಹಿಂದೊಂದು ನಾಲ್ಕು ಭಾಗ ಮುಗಿಸಿ, ಈಗ ಕೊನೆಯದಕ್ಕೆ ಕಾಯುತ್ತಿದ್ದಳು.

"ಕೊಂದವನು ಯಾರು ಅಂತ ತಿಳ್ಕೊಂಡ್ಬಿಟ್ರೆ ಸಾಕು, ನಿಶ್ಚಿಂತೆಯಾಗಿ ಹೊರಡ್ತೀನಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

"ಅಲ್ಲೀವರೆಗೂ ಇವರು ಎಲ್ಲೂ ಹೋಗಲ್ಲ ಬಿಡಿ," ಎಂದು ವೈದ್ಯರೂ ನಕ್ಕಿದ್ದರು.

ಮಗಳು ಬೇರೆ ದಾರಿ ಹುಡುಕಿದಳು. 'ಉಚಿತ' ಎಂದಿದ್ದ ಕಡೆ ಒತ್ತಿದರೆ ಜೂಜಿನ ಜಾಹೀರಾತು. ಒಂದು ಕಡೆ ಅಂತೂ ಪುಸ್ತಕ ಸಿಕ್ಕಿತು. ತೆರೆದರೆ ಬರೀ ಮುಖಪುಟ. ಅವಳಿಗೆ ಅಳುವೇ ಬಂತು.

"ಆ ಹಾಳು ಸೈಟ್‌ಗಳ ಸಹವಾಸ ಬೇಡ," ಅಪ್ಪ ಗದರಿದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ಗದರುವುದು ಅಪರೂಪ.

"ಹಾಗಾದ್ರೆ ಅಮ್ಮ ಕಾಯ್ತಾನೇ ಇರ್ಬೇಕಾ? ಅವನಿಗೆ ಮನುಷ್ಯತ್ವ ಅನ್ನೋದು ಇಲ್ವಾ?"

"ಅವನಿಗೇನು ಕಷ್ಟವೋ, ಪಾಪ."

"ಅವನ ಪರ ಬೇರೆ ವಹಿಸ್ಕೋ!"

ಅಪ್ಪ ಹೆಂಡತಿಯ ಹೊದಿಕೆ ಸರಿಮಾಡಿದ. "ಇನ್ನೊಂದು ವಾರ ತಡ್ಕೋ ಕಣೇ."

"ಯಮನಿಗೂ ಸಾಲಲ್ಲಿ ನಿಂತ್ಕೋ ಅಂತ ಹೇಳ್ಬಿಡಿ," ಎಂದು ಅಮ್ಮ ನಕ್ಕಳು.

ಯಮ ಸಾಲಿನಲ್ಲಿ ನಿಲ್ಲಲಿಲ್ಲ. ಮೂರು ದಿನಕ್ಕೆಲ್ಲ ಅಮ್ಮನ ಮಾತು ತೊದಲತೊಡಗಿತು. ಕೊನೆಗೆ ಕೇಳಿದ್ದು ಒಂದೇ: "ಬಂತಾ?" ಅಪ್ಪ ಇಲ್ಲವೆಂದು ತಲೆಯಾಡಿಸಿದ. ಮಧ್ಯಾಹ್ನದ ಹೊತ್ತಿಗೆ ಉಸಿರು ನಿಂತಿತು.

ಮಗಳು ಅಮ್ಮನ ಕೈ ಬಿಡಲೊಲ್ಲದೆ ಅಲ್ಲೇ ಕುಳಿತಿದ್ದಳು. ಅಪ್ಪ ಫೋನ್ ಹಿಡಿದು, ಇವರತ್ತ ಬೆನ್ನು ಮಾಡಿ, ಕಿಟಕಿಯ ಬಳಿ ನಿಂತಿದ್ದ. ನೆಂಟರಿಗೆ ತಿಳಿಸುತ್ತಿರಬೇಕೆಂದು ಅವಳು ಅಂದುಕೊಂಡಳು. ಆಗ ದಿಂಬಿನ ಪಕ್ಕದ ಟ್ಯಾಬ್ಲೆಟ್ ಬೆಳಗಿತು: ನಿಮ್ಮ ಸರದಿ ಬಂದಿದೆ. ಪುಸ್ತಕ ಲಭ್ಯವಿದೆ.

"ಈಗ ಕೊಟ್ಟಿದ್ದಾನೆ ನೋಡಪ್ಪ! ಈಗ!" ಮಗಳು ಚೀರಿದಳು. "ಅವನ ಮನೆ ಹಾಳಾಗ!"

"ಆಯ್ತಲ್ಲ ಮಗಳೇ," ಎಂದ ಅಪ್ಪ. 'ಹಿಂತಿರುಗಿಸಿ' ಎಂಬುದನ್ನು ಒತ್ತಿದ ಬೆರಳು ಇನ್ನೂ ಅವನ ಫೋನಿನ ಮೇಲೇ ಇತ್ತು. "ಓದಿ ಮುಗಿಸಿದ್ರೆ ಹೊರಟುಬಿಡ್ತಾಳೆ ಅಂದ್ಕೊಂಡೆ."