ಬಾವಿಗೆ ಬಿಟ್ಟ ತಫ್ಸೀರ್

ಒಣಗಿದ ಬೇವಿನೆಲೆಯ ವಾಸನೆ ಬಂದರೆ ಶಿಡ್ಲಘಟ್ಟದ ಆ ಮಧ್ಯಾಹ್ನ ಈಗಲೂ ಎದುರಿಗೆ ಬಂದು ನಿಲ್ಲುತ್ತದೆ.

ಪುಟಗಳ ನಡುವೆ ಬೇವಿನೆಲೆ ಇಟ್ಟರೂ ಅಪ್ಪನ ತಂದೆ, ನನ್ನ ದಾದಾನ ತಫ್ಸೀರ್ ಸಂಪುಟಗಳಿಗೆ ಗೆದ್ದಲು ಹಿಡಿದಿತ್ತು. ಪುಟದ ನಡುವೆ ಕುರಾನಿನ ವಾಕ್ಯ, ಸುತ್ತಲೂ ಹಳೆಯ ವಿದ್ವಾಂಸರು ಫಾರ್ಸಿಯಲ್ಲಿ ಬರೆದ ವ್ಯಾಖ್ಯಾನ, ಅಂಚಿನಲ್ಲಿ ದಾದಾನ ಗುರುಗಳ ಸಣ್ಣ ಅಕ್ಷರ. ದಾದಾನಿಗೆ ಕಣ್ಣು ಹೋಗಿತ್ತು. ರೇಷ್ಮೆ ನೂಲು ತೆಗೆಯುವ ಅಪ್ಪನಿಗೂ, ಕನ್ನಡ ಶಾಲೆಗೆ ಹೋಗುತ್ತಿದ್ದ ನನಗೂ ಫಾರ್ಸಿ ಬರುತ್ತಿರಲಿಲ್ಲ.

"ಓದೋರಿಲ್ಲ ಅಂತ ಗುಜರಿಗೆ ಹಾಕೋಕಾಗುತ್ತಾ? ನೀರಿಗೆ ಬಿಡಣ ನಡಿ," ಅಂದರು ದಾದಾ. ಹಾಳಾದ ಪವಿತ್ರ ಪುಟಗಳನ್ನು ಮಸೀದಿಯ ಹಿಂದಿನ ಬಾವಿಗೆ ಬಿಡುವುದು ನಮ್ಮವರ ರೂಢಿ.

ಬಿಳಿ ಬಟ್ಟೆಯಲ್ಲಿ ಕಟ್ಟಿದ ಗಂಟನ್ನು ದಾದಾ ಎದೆಗವಚಿಕೊಂಡೇ ಬಂದರು. ಅಪ್ಪ ಅದನ್ನು ಬಾವಿಗೆ ಬಿಟ್ಟರು. ನಾನು ಬಗ್ಗಿ ನೋಡಿದೆ. ತಳದಲ್ಲಿ ಧೂಳೆದ್ದಿತು. ಗಂಟು ಬಿಚ್ಚಿಕೊಂಡು ಹಾಳೆಗಳು ಒಣಮಣ್ಣಿನ ಮೇಲೆ ಹರಡಿದವು.

"ನೀರಿನ ಸದ್ದೇ ಬರ್ಲಿಲ್ಲವಲ್ಲಪ್ಪ," ಅಂದರು ದಾದಾ.

ಅಪ್ಪ ನನ್ನ ಕೈ ಅದುಮಿ ಹಿಡಿದರು. "ನೀರು ಬಲು ಆಳದಲ್ಲೈತೆ ಅಬ್ಬಾ. ಈಗ ಕೇಳಿಸ್ತದೆ."

ದಾದಾ ಕಟ್ಟೆಯ ಮೇಲೆ ಬಾಗಿ, ಕಿವಿಗೊಟ್ಟು, ಸಂಜೆಯ ಅಜಾನ್ ಆಗುವವರೆಗೂ ಕಾದರು.